‘ಕೋಡ್ ಗಾಲ್ಫ್’: ಮೊಟಕೋ, ಅಡಕವೋ, ಲಾಘವವೋ?

ಗೆಳೆಯರೇ,

ಗಣಿತದ ಒಂದು ಒಗಟು ಕೊಟ್ಟು, ಅದನ್ನು ಬಿಡಿಸುವ ಪ್ರೋಗ್ರಾಮನ್ನು ಯಾರು ಎಲ್ಲರಿಗಿಂತ ಚಿಕ್ಕದಾಗಿ ಬರೆಯುತ್ತಾರೆ ಎಂದು ನೋಡುವ ಪಂದ್ಯವೊಂದಿದೆ. ಅದರ ಹೆಸರು ‘ಕೋಡ್ ಗಾಲ್ಫ್’. ಇದರ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯಲು ಕುಳಿತಿದ್ದೇನೆ. ಪಂದ್ಯದ ಹೆಸರನ್ನು ಹಾಗೆಯೇ ಉಳಿಸಿಕೊಂಡರೂ ನಡೆಯುತ್ತದೆ. ನನಗೆ ಬೇಕಾಗಿರುವುದು ಕ್ರಿಯಾಪದ. ಪ್ರೋಗ್ರಾಮನ್ನು ‘ಗಾಲ್ಫ್ ಮಾಡಿದರು’ ಎಂದು ಬರೆದರೆ ಓದುಗರು ಹುಲ್ಲುಹಾಸಿನ ಮೇಲೆ ಕೋಲು ಹಿಡಿದು ನಿಂತವರನ್ನು ಕಾಣುತ್ತಾರೆ.

ಗಾಲ್ಫ್ ಏಕೆ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೆಚ್ಚಿನ ಆಟಗಳಲ್ಲಿ ಅಂಕ ಏರಿದವನು ಗೆಲ್ಲುತ್ತಾನೆ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದವನು ಗೆಲ್ಲುತ್ತಾನೆ. ಕೀಲಿಮಣೆಯ ಮೇಲಿನ ಒತ್ತುಗಳನ್ನೂ ಹಾಗೆಯೇ ಎಣಿಸಿದರು. ಹೆಸರು ಚಾಲ್ತಿಗೆ ಬಂದದ್ದು ಪರ್ಲ್ ಭಾಷೆಯ ಪ್ರೋಗ್ರಾಮರುಗಳಿಂದ, ಕಳೆದ ಶತಮಾನ ಮುಗಿಯುವ ಹೊತ್ತಿಗೆ. ‘ಹೊಡೆತ’ದ ಈ ಶ್ಲೇಷೆ ಕನ್ನಡದಲ್ಲಿ ಕಳೆದುಹೋಗುತ್ತದೆ ಅಂದುಕೊಂಡಿದ್ದೆ, ಆದರೆ ನಾವು ಟೈಪ್ ಮಾಡುವುದನ್ನು ‘ಟೈಪ್ ಹೊಡೆಯುವುದು’ ಎಂದೇ ಹೇಳುತ್ತಾ ಬಂದವರಲ್ಲವೇ! ಇನ್ನು ‘ಕೋಡ್’ ಎಂಬುದಕ್ಕೆ ಒಂದು ಉಕಾರ ಸೇರಿಸಿ ಕನ್ನಡವಾಗಿಸೋಣ ಎಂದರೆ ಅದು ಕೊಂಬಾಗುತ್ತದೆ. ಗೆದ್ದವರಿಗೆ ಕೋಡು ಮೂಡುವುದು ಬೇರೆ ವಿಷಯ.

ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಚಿಕ್ಕದಾಗಿಸು’ ಎಂಬ ಅರ್ಥಕ್ಕೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಸಂಕ್ಷೇಪಿಸು, ಮೊಟಕುಗೊಳಿಸು, ಕತ್ತರಿಸು, ಕುಗ್ಗಿಸು, ಹ್ರಸ್ವಗೊಳಿಸು ಎಲ್ಲವೂ ಇವೆ. ಆದರೆ ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಏನೋ ಕಳೆದುಹೋದ ಧ್ವನಿ ಇದೆ. ಭಾಷಣವನ್ನು ಮೊಟಕುಗೊಳಿಸಿದರೆ ಕೇಳುವವರಿಗೆ ಕೊನೆಯ ಭಾಗ ಸಿಗುವುದಿಲ್ಲ. ಕಾದಂಬರಿಯ ಸಂಕ್ಷಿಪ್ತ ರೂಪದಲ್ಲಿ ಉಪಕಥೆಗಳು ಇರುವುದಿಲ್ಲ. ಈ ಪಂದ್ಯದಲ್ಲಿ ಕಳೆದುಕೊಳ್ಳುವುದಕ್ಕೆ ಅನುಮತಿಯೇ ಇಲ್ಲ. ಉದ್ದದ ಪ್ರೋಗ್ರಾಮ್ ಯಾವ ಸಂಖ್ಯೆಗೆ ಯಾವ ಉತ್ತರ ಕೊಡುತ್ತಿತ್ತೋ ಚಿಕ್ಕದೂ ಅದನ್ನೇ ಕೊಡಬೇಕು. ಒಂದು ಕಡೆ ತಪ್ಪಿದರೂ ಅದು ಚಿಕ್ಕ ಪ್ರೋಗ್ರಾಮ್ ಅಲ್ಲ, ತಪ್ಪು ಪ್ರೋಗ್ರಾಮ್. ‘ಕಿರಿದರೊಳ್ ಪಿರಿದರ್ಥ’ ಎಂಬ ಹಳೆಯ ಮಾತೂ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಹಿಗ್ಗುವುದು ಅರ್ಥ. ಇಲ್ಲಿ ಅರ್ಥ ಇದ್ದಲ್ಲೇ ಇರುತ್ತದೆ, ಕುಗ್ಗುವುದು ಮಾತು ಮಾತ್ರ.

ಒಂದು ಉದಾಹರಣೆ. 1ರಿಂದ 100ರವರೆಗಿನ ಸಂಖ್ಯೆಗಳನ್ನು ಕೂಡಿಸಬೇಕು ಎನ್ನಿ. ಎಪಿಎಲ್ ಭಾಷೆಯಲ್ಲಿ +/⍳100 ಎಂದು ಆರು ಚಿಹ್ನೆಗಳಲ್ಲಿ ಮುಗಿಯುತ್ತದೆ. ಆದರೆ ಇದಕ್ಕೂ ಚಿಕ್ಕ ‘ಪ್ರೋಗ್ರಾಮ್’ 5050 ಎಂದು ಉತ್ತರವನ್ನೇ ಬರೆದುಬಿಡುವುದು! ಆದ್ದರಿಂದಲೇ ಒಗಟು ಕೊಡುವವರು ಯಾವುದೇ ಸಂಖ್ಯೆಗೆ ನಡೆಯುವಂತೆ ಬರೆಯಿರಿ ಎಂದು ಕಟ್ಟು ಹಾಕುತ್ತಾರೆ. ಆ ಸಂಖ್ಯೆಯನ್ನು ‘ನ’ ಎಂದು ಕರೆದರೆ ಶಾಲೆಯಲ್ಲಿ ಕಲಿತ ಸೂತ್ರ ನ*(ನ+1)/2 (ಇಲ್ಲಿ * ಎಂದರೆ ಗುಣಾಕಾರ, / ಎಂದರೆ ಭಾಗಾಕಾರ). ಒಂಬತ್ತು ಚಿಹ್ನೆಗಳು. ಇದನ್ನು ನ*-~ನ/2 ಎಂದು ಏಳಕ್ಕೆ ಇಳಿಸಬಹುದು. ~ನ ಎಂದರೆ ಕಂಪ್ಯೂಟರಿನ ಲೆಕ್ಕದಲ್ಲಿ −ನ−1. ಅದರ ಮುಂದೆ ಇನ್ನೊಂದು ಋಣ ಚಿಹ್ನೆ ಇಟ್ಟರೆ ನ+1 ಸಿಗುತ್ತದೆ, ಆವರಣಗಳು ಬೇಕಾಗುವುದಿಲ್ಲ. ಓದಲು ಕಷ್ಟ, ಉತ್ತರ ಅದೇ. ಇದನ್ನು ‘ಮೊಟಕು’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೂ ಆಳದ ಚಮತ್ಕಾರಗಳಿವೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಪತ್ತೆ ಮಾಡಲು ಸಾಮಾನ್ಯವಾಗಿ 2, 3, 4 ಎಂದು ಒಂದೊಂದರಿಂದಲೂ ಭಾಗಿಸಿ ನೋಡುತ್ತೇವೆ. ಪಂದ್ಯದ ನುರಿತವರು ವಿಲ್ಸನ್ನನ ಪ್ರಮೇಯದ ಕಡೆಗೆ ಹೋಗುತ್ತಾರೆ. 1770ರಲ್ಲಿ ವೇರಿಂಗ್ ಪ್ರಕಟಿಸಿದ, ಮರುವರ್ಷ ಲಗ್ರಾಂಜ್ ಸಾಧಿಸಿ ತೋರಿಸಿದ ಪ್ರಮೇಯ ಅದು. ಅದರ ಬಲದಿಂದ ಹೀಗೆ ಮಾಡಬಹುದು: 1ರಿಂದ ನ−1ರವರೆಗಿನ ಎಲ್ಲ ಸಂಖ್ಯೆಗಳನ್ನು ಗುಣಿಸಿ, ಆ ಗುಣಲಬ್ಧವನ್ನು ವರ್ಗಮಾಡಿ, ‘ನ’ದಿಂದ ಭಾಗಿಸಿ. ‘ನ’ ಅವಿಭಾಜ್ಯವಾಗಿದ್ದರೆ ಶೇಷ 1, ಇಲ್ಲದಿದ್ದರೆ 0. ವರ್ಗ ಏಕೆ ಎಂದರೆ 4 ಒಂದು ತರಲೆ ಸಂಖ್ಯೆ: 1×2×3 ಎಂದರೆ 6, ಅದನ್ನು 4ರಿಂದ ಭಾಗಿಸಿದರೆ 2 ಉಳಿಯುತ್ತದೆ, 36 ಆದರೆ ಏನೂ ಉಳಿಯುವುದಿಲ್ಲ. ಪರೀಕ್ಷೆಯ ಷರತ್ತುಗಳೆಲ್ಲ ಮಾಯವಾಗಿ ಬರೀ ಗುಣಾಕಾರ, ಭಾಗಾಕಾರ ಉಳಿದವು. ಯಂತ್ರಕ್ಕೆ ಕೆಲಸ ವಿಪರೀತ ಹೆಚ್ಚಿತು, ಬರಹ ಮಾತ್ರ ಚಿಕ್ಕದಾಯಿತು. ಖಾಲಿ ಜಾಗ ಅಳಿಸುವುದಕ್ಕೂ ಚರಗಳ ಹೆಸರನ್ನು ಒಂದೊಂದು ಅಕ್ಷರಕ್ಕೆ ಇಳಿಸುವುದಕ್ಕೂ ನಾನು ‘ಕತ್ತರಿಸು’ ಎಂದೇ ಬರೆಯುತ್ತೇನೆ. ಆದರೆ ಹೀಗೆ ಬೇರೆ ದಾರಿಯನ್ನೇ ಕಂಡುಹಿಡಿದು ಚಿಕ್ಕದಾಗಿಸುವುದಕ್ಕೆ ಏನೆನ್ನಬೇಕು?

ನನ್ನ ಒಲವು ‘ಲಾಘವ’ದ ಕಡೆಗಿದೆ. ಸೂತ್ರಕಾರರ ಲೋಕದಲ್ಲಿ ಇದು ಪಾರಿಭಾಷಿಕ ಪದ. ಅರ್ಥಕ್ಕೆ ಊನ ಬಾರದಂತೆ ಮಾತನ್ನು ಇಳಿಸುವುದು. ‘ಅರ್ಧಮಾತ್ರಾಲಾಘವೇನ ಪುತ್ರೋತ್ಸವಂ ಮನ್ಯಂತೇ ವೈಯಾಕರಣಾಃ’ ಎಂಬ ಮಾತನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಅರ್ಧ ಮಾತ್ರೆ ಉಳಿದರೆ ವ್ಯಾಕರಣಕಾರರಿಗೆ ಮಗ ಹುಟ್ಟಿದಷ್ಟು ಸಂಭ್ರಮವಂತೆ. ಎರಡು ಚಿಹ್ನೆ ಉಳಿಸಿ ಕುಣಿಯುವ ಪ್ರೋಗ್ರಾಮರುಗಳನ್ನು ಬಲ್ಲ ಯಾರಿಗೂ ಇದು ಅತಿಶಯೋಕ್ತಿಯಾಗಿ ಕಾಣದು. ಪಾಣಿನಿ ಸ್ವರಗಳಿಗೆಲ್ಲ ‘ಅಚ್’, ವ್ಯಂಜನಗಳಿಗೆಲ್ಲ ‘ಹಲ್’ ಎಂದು ಹೆಸರಿಟ್ಟದ್ದು, ಹಿಂದಿನ ಸೂತ್ರದ ಪದವನ್ನು ಮುಂದಿನದಕ್ಕೆ ಹರಿಯಗೊಟ್ಟು ಮತ್ತೆ ಬರೆಯುವುದನ್ನು ತಪ್ಪಿಸಿದ್ದು, ಎಲ್ಲವೂ ಇದೇ ಕಸುಬು. ಅಷ್ಟಾಧ್ಯಾಯಿಯ ಕೊನೆಯ ಸೂತ್ರ ‘ಅ ಅ’. ಅದನ್ನು ಇನ್ನೆಷ್ಟು ಇಳಿಸಲಾದೀತು!

ಆಕ್ಷೇಪಗಳೂ ಹೊಳೆದಿವೆ. ಇಂದಿನ ಓದುಗರಿಗೆ ಲಾಘವ ಎಂದರೆ ಹಸ್ತಲಾಘವ. ಇಲ್ಲವೇ ‘ಲಘುವಾಗಿ ಪರಿಗಣಿಸಬೇಡಿ’ ಎನ್ನುವಾಗಿನ ಲಘು. ಎರಡನೆಯದಾಗಿ, ಶಾಸ್ತ್ರದಲ್ಲಿ ಲಾಘವದ ಎದುರು ಪದ ಗೌರವ. ಅಲ್ಲಿ ಗೌರವ ಎಂದರೆ ಅನಗತ್ಯ ಭಾರ, ಅದು ದೋಷ. ಕನ್ನಡದಲ್ಲಿ ಇದನ್ನು ಅನುಸರಿಸಿದರೆ ಉದ್ದುದ್ದ ಪ್ರೋಗ್ರಾಮ್ ಬರೆಯುವವರಿಗೆ ಗೌರವ ಸಲ್ಲಿಸಿದಂತಾಗುತ್ತದೆ. ‘ಅಡಕ’ಕ್ಕೆ ಈ ತೊಡಕುಗಳಿಲ್ಲ, ಅರ್ಥ ನಷ್ಟವಾಗುವ ಧ್ವನಿಯೂ ಇಲ್ಲ. ಆದರೆ ಅಡಕ ಎಂದೊಡನೆ ಇರುವುದನ್ನೇ ಒತ್ತಿ ತುಂಬಿದ ಭಾವ ಬರುತ್ತದೆ. ವಿಲ್ಸನ್ನನ ದಾರಿಯಲ್ಲಿ ಹೋದವರು ಏನನ್ನೂ ಒತ್ತಲಿಲ್ಲ.

ಎರಡನೆಯ ಪ್ರಶ್ನೆ ಅಳತೆಯದು. ಈ ಪಂದ್ಯದ ನಿಯಮಗಳನ್ನು ಕನ್ನಡದಲ್ಲಿ ವಿವರಿಸುವಾಗ ‘ಕಡಿಮೆ ಅಕ್ಷರಗಳ ಪ್ರೋಗ್ರಾಮ್ ಗೆಲ್ಲುತ್ತದೆ’ ಎಂದು ಬರೆಯುವುದು ಸಹಜ. ಇದು ಕನ್ನಡದಲ್ಲಿ ನಿಜವಾಗಿಯೂ ಗೊಂದಲದ ವಾಕ್ಯ. ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು ಸ, ವಿರಾಮ (ಸ್ವರವನ್ನು ಕಳೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಗುಡಿಸು ಎಂದು ಆರು ಸಂಕೇತಗಳು. ಅದನ್ನು ಯುಟಿಎಫ್-8 ಎಂಬ ಪದ್ಧತಿಯಲ್ಲಿ, ಕಂಪ್ಯೂಟರಿನ ನೆನಪಿನ ಅಳತೆಯಾದ ಬೈಟ್‌ಗಳಾಗಿ ಉಳಿಸಿದರೆ ಒಂದೊಂದಕ್ಕೂ ಮೂರು ಬೈಟ್‌ಗಳಂತೆ ಹದಿನೆಂಟು ಬೈಟ್‌ಗಳು. ಪೈಥಾನ್ ಭಾಷೆಯ ಮೂರನೆಯ ಆವೃತ್ತಿ ಕನ್ನಡ ಅಕ್ಷರದ ಚರವನ್ನು ಒಪ್ಪಿಕೊಳ್ಳುತ್ತದೆ. ಹಾಗಾಗಿ ಮೇಲಿನ ನ*-~ನ/2 ಅಲ್ಲಿ ನಡೆಯುತ್ತದೆ, ಆದರೆ ಚಿಹ್ನೆ ಏಳಾದರೂ ಬೈಟ್ ಹನ್ನೊಂದು. ಇಂಗ್ಲಿಷ್ ಅಕ್ಷರ ಬಳಸಿದವರದು ಏಳೇ ಬೈಟ್. ಈಗ ಪಂದ್ಯಗಳಲ್ಲಿ ಸಾಮಾನ್ಯವಾಗಿ ಎಣಿಸುವುದು ಬೈಟ್‌ಗಳನ್ನು, ಕನ್ನಡ ಚರ ಸೋಲುತ್ತದೆ. ಜೆಲ್ಲಿಯಂಥ, ಈ ಪಂದ್ಯಕ್ಕಾಗಿಯೇ ಹುಟ್ಟಿದ ಭಾಷೆಗಳು 256 ಚಿಹ್ನೆಗಳ ಸ್ವಂತ ಪಟ್ಟಿ ಮಾಡಿಕೊಂಡು ಒಂದೊಂದನ್ನೂ ಒಂದೇ ಬೈಟ್‌ಗೆ ಕೂರಿಸಿಕೊಂಡಿವೆ. ಅಲ್ಲಿ ಚಿಹ್ನೆಗೂ ಬೈಟ್‌ಗೂ ವ್ಯತ್ಯಾಸವಿಲ್ಲ. ಆದ್ದರಿಂದ ಅಳತೆಗೆ ‘ಬೈಟ್’, ಬರೆದಾಗ ಕಣ್ಣಿಗೆ ಕಾಣುವುದಕ್ಕೆ ‘ಚಿಹ್ನೆ’ ಎಂದಿಟ್ಟುಕೊಂಡು ‘ಅಕ್ಷರ’ವನ್ನು ದೂರವಿಡಬೇಕೆಂದು ನನ್ನ ಅಭಿಪ್ರಾಯ. ಅಕ್ಷರಗಣ, ಮಾತ್ರಾಗಣ ಎಂದು ಎರಡು ಬಗೆಯ ಎಣಿಕೆಗೆ ಎರಡು ಹೆಸರಿಟ್ಟ ಛಂದಸ್ಸು ನಮ್ಮದು. ಇಲ್ಲಿಯೂ ಅಷ್ಟು ಎಚ್ಚರ ಅಸಾಧ್ಯವಲ್ಲ.

ಸಣ್ಣದೊಂದು ಮಾತು ಸೇರಿಸುತ್ತೇನೆ. ‘ಅತಿ ಚಿಕ್ಕ ಪ್ರೋಗ್ರಾಮ್’ ಎಂಬ ಪ್ರಯೋಗದ ಬಗ್ಗೆ ಹುಷಾರಾಗಿರಬೇಕು. ಒಂದು ಉತ್ತರವನ್ನು ಕೊಡುವ ಪ್ರೋಗ್ರಾಮುಗಳಲ್ಲಿ ಎಲ್ಲಕ್ಕಿಂತ ಚಿಕ್ಕದರ ಉದ್ದ ಎಷ್ಟು ಎಂಬುದಕ್ಕೆ ಗಣಿತದಲ್ಲಿ ಕೊಲ್ಮೊಗೊರೊವ್ ಸಂಕೀರ್ಣತೆ ಎಂದು ಹೆಸರು. ಯಾವುದೇ ಉತ್ತರ ಕೊಟ್ಟರೂ ಈ ಉದ್ದವನ್ನು ಲೆಕ್ಕ ಹಾಕಿ ಹೇಳುವ ಪ್ರೋಗ್ರಾಮ್ ಇರಲಾರದು ಎಂದು ಸಾಧಿಸಲಾಗಿದೆ. ಆದ್ದರಿಂದ ಪಂದ್ಯದಲ್ಲಿ ಗೆದ್ದದ್ದು ‘ಈವರೆಗಿನ ಚಿಕ್ಕದು’ ಅಷ್ಟೇ. ‘ಚಿಕ್ಕ’ಕ್ಕೆ ಬದಲಾಗಿ ‘ಸಣ್ಣ ಪ್ರೋಗ್ರಾಮ್’ ಎಂದರೆ ಪ್ರೋಗ್ರಾಮೇ ಕ್ಷುಲ್ಲಕ ಎನ್ನಿಸುತ್ತದೆ, ‘ಗಿಡ್ಡ’ ಎಂದರೆ ಅದಕ್ಕೆ ಕಾಲು ಬಂದಂತಿರುತ್ತದೆ. ‘ಕಿರಿದು’ ನನಗೆ ಇಷ್ಟ, ಆದರೆ ‘ಕಿರಿಯ’ ಎಂದಾಕ್ಷಣ ವಯಸ್ಸಿನ ಮಾತಾಗುತ್ತದೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಲಾಘವವನ್ನು ಒಪ್ಪುವುದಾದರೆ ಅದರ ಕ್ರಿಯಾಪದ ಯಾವುದು? ‘ಲಘೂಕರಿಸು’ ನಾಲಿಗೆಗೆ ಭಾರ, ‘ಲಾಘವಗೊಳಿಸು’ ಇನ್ನೂ ಭಾರ. ಲಾಘವದ ಹೆಸರಿನಲ್ಲಿ ಇಷ್ಟುದ್ದದ ಪದ ನಗೆಪಾಟಲು. ಅರ್ಥ ಕಳೆಯದೆ ಚಿಕ್ಕದಾಗಿಸುವುದಕ್ಕೆ ಯಾವುದಾದರೂ ಕುಶಲಕರ್ಮಿಗಳ ಬಾಯಲ್ಲಿ, ಹಳಗನ್ನಡದಲ್ಲಿ, ಒಳನಾಡಿನ ಮಾತಿನಲ್ಲಿ ಎರಡು ಮೂರು ಅಕ್ಷರದ ಪದವಿದ್ದರೆ ಪ್ರಯೋಗದ ವಾಕ್ಯದೊಂದಿಗೆ ತಿಳಿಸಿ. ಅಲ್ಲಿಯವರೆಗೆ ಲೇಖನದಲ್ಲಿ ‘ಅಡಕವಾಗಿಸು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತೇನೆ.