ಸಹಾಯ ಬೇಕು: ತೂಕ ಇಳಿಸುವ ಇಂಜೆಕ್ಷನ್ ತಗೊಂಡವರು ಇದ್ದೀರಾ?

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು ದಯವಿಟ್ಟು ನೋಡಿ. ನಮ್ಮ ಅಕ್ಕನಿಗೆ ತೂಕ ಜಾಸ್ತಿ, ಜೊತೆಗೆ ಶುಗರ್. ಡಾಕ್ಟರು ಟಿರ್ಜೆಪಟೈಡ್ ಬರೆದಿದ್ದಾರೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಲ್ಲಿ ಭಾರತಕ್ಕೆ ಬಂತಲ್ವಾ, ಅದೇ. ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕು. ಮೊದಲ 4 ವಾರ 2.5 ಮಿ.ಗ್ರಾಂ, ಆಮೇಲೆ 5. ಹಸಿವು ಕಡಿಮೆಯಾಗುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಅಷ್ಟು ಅರ್ಥವಾಗಿದೆ.

ಶುರುವಿನಲ್ಲಿ ವಾಕರಿಕೆ, ಮಲಬದ್ಧತೆ ಇರುತ್ತದಂತೆ. ಆಗ ನೀವೆಲ್ಲ ಏನು ಉಣ್ಣುತ್ತಿದ್ದಿರಿ? ಅಕ್ಕನಿಗೆ ರಾತ್ರಿ ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಬಿಟ್ಟು ಬೇರೇನೂ ಸೇರದು. ತೂಕದ ಜೊತೆ ಸ್ನಾಯುವೂ ಕರಗಬಾರದು, ಪ್ರೋಟೀನ್ ತಿನ್ನಿ ಅಂದಿದ್ದಾರೆ. ನಮ್ಮಲ್ಲಿ ಮೊಟ್ಟೆ ಒಳಗೆ ಬರುವ ಹಾಗಿಲ್ಲ. ಹೆಸರುಕಾಳು, ಕಡಲೆ, ಮೊಸರಲ್ಲಿ ಸುಧಾರಿಸಿದವರು ಇದ್ದೀರಾ?

ಇಂಜೆಕ್ಷನ್ ಪೆನ್ನನ್ನು (ಔಷಧ ತುಂಬಿದ, ಪೆನ್ನಿನಂಥ ಸಿರಿಂಜ್) 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಫ್ರೀಜರಿನಲ್ಲಿ ಇಡಬಾರದು. ಮಳೆಗಾಲದಲ್ಲಿ ಇಲ್ಲಿಯ ಕರೆಂಟಿನ ಕಥೆ ಗೊತ್ತೇ ಇದೆ! ಮಂಗಳೂರಿಂದ ಬಸ್ಸಿನಲ್ಲಿ ತರುವವರು ಐಸ್ ಪ್ಯಾಕ್ ಇಡುತ್ತೀರಾ?

ನಿಲ್ಲಿಸಿದರೆ ಇಳಿದ ತೂಕ ಬಹುಪಾಲು ವಾಪಸ್ ಬರುತ್ತದೆ ಅನ್ನುತ್ತಾರೆ. ಖರ್ಚಿನ ಚಿಂತೆ ಅದಕ್ಕೇ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವ ಹಾರ್ಮೋನ್ ಡಾಕ್ಟರು ಇದ್ದರೆ ತಿಳಿಸಿ. ಜೀರಿಗೆ ನೀರಿನ ಸಲಹೆ ಬೇಡ, ಅದೆಲ್ಲ ಆಗಿದೆ.