ಬೆಂಚ್‌ಮಾರ್ಕ್‌ಗೆ ‘ಮಾನದಂಡ’ ಸಾಕೇ, ‘ಒರೆ’ ಒಗ್ಗುತ್ತದೆಯೇ?

ನಮಸ್ಕಾರ.

ನಮ್ಮ ಮನೆತನದ ವಂಶಾವಳಿಯನ್ನು ಗ್ರ್ಯಾಂಪ್ಸ್ ಎಂಬ ಉಚಿತ ಸಾಫ್ಟ್‌ವೇರಿಗೆ ತುಂಬುತ್ತಿದ್ದೇನೆ. ಊರಲ್ಲಿ ಚಿಕ್ಕಪ್ಪನ ಹತ್ತಿರ ಇರುವುದು ಹಳೇ ಕಂಪ್ಯೂಟರ್. 1 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್‌ಡಿಸ್ಕ್. ಅದರಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದೆ. ಅಂಥದ್ದೇ ಯಂತ್ರ ಇರುವವರಿಗೆ ಉಪಯೋಗವಾಗಲಿ ಅಂತ ಕನ್ನಡದಲ್ಲಿ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ತಡವರಿಸಿದೆ. ಬೆಂಚ್‌ಮಾರ್ಕ್, ಅಂದರೆ ಒಂದೇ ಕೆಲಸ ಕೊಟ್ಟು ಯಾವುದು ಎಷ್ಟು ಚೆನ್ನಾಗಿ ಮಾಡುತ್ತದೆ ಅಂತ ಹೋಲಿಸಿ ಅಳೆಯುವುದು. ಅದಕ್ಕೆ ಏನು ಬರೆಯಲಿ?

ಸಾಮಾನ್ಯವಾಗಿ ಕಾಣುವುದು ‘ಮಾನದಂಡ’. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಸಾಲ ಕೊಡಲು ಮಾನದಂಡ, ಆಯ್ಕೆಗೆ ಮಾನದಂಡ ಅನ್ನುತ್ತೇವೆ, ಅಲ್ವಾ? ಅಲ್ಲಿ ‘ಇಷ್ಟಿರಲೇಬೇಕು’ ಅನ್ನುವ ಕಟ್ಟಳೆ ಇದೆ. ನಾನು ಮಾಡಿದ್ದು ಹೋಲಿಕೆ. ಗ್ರ್ಯಾಂಪ್ಸ್ ಜೊತೆ ಎರಡು ಸಾವಿರಕ್ಕೂ ಜಾಸ್ತಿ ಜನರಿರುವ ಒಂದು ಮಾದರಿ ಕುಟುಂಬದ ಕಡತ ಬರುತ್ತದೆ. ಅದನ್ನೇ ಚಿಕ್ಕಪ್ಪನ ಯಂತ್ರಕ್ಕೂ ನನ್ನ ಲ್ಯಾಪ್‌ಟಾಪಿಗೂ ಹಾಕಿ ನೋಡಿದೆ. ಅಷ್ಟೇ.

ಇಂಗ್ಲಿಷಿನ ಪದ ಬಂದಿದ್ದು ಭೂಮಾಪಕರಿಂದ. ಎತ್ತರ ಅಳೆಯಲು ಕಲ್ಲಿನ ಮೇಲೆ ಉಳಿಯಿಂದ ಕೊರೆದ ಗುರುತು ಅದು. ನಮ್ಮಲ್ಲಿ ಬಾಂದುಕಲ್ಲು ಇದೆ, ಆದರೆ ಅದು ಹೇಳುವುದು ಗಡಿಯನ್ನು. ಇಲ್ಲಿಗೆ ಕೂಡುವುದಿಲ್ಲ.

ನನ್ನ ಮನಸ್ಸು ಹೋಗುವುದು ‘ಒರೆ’ ಕಡೆಗೆ. ಅಕ್ಕಸಾಲಿಗರು ಕರೀ ಕಲ್ಲಿನ ಮೇಲೆ ಮಟ್ಟ ಗೊತ್ತಿರುವ ಚಿನ್ನದ ಗೆರೆ ಎಳೆಯುತ್ತಾರೆ. ಪಕ್ಕದಲ್ಲೇ ನಮ್ಮ ಬಳೆಯ ಗೆರೆ. ಎರಡರ ಮೇಲೂ ಆಸಿಡ್ ಹಚ್ಚಿ, ಯಾವುದು ಎಷ್ಟು ಮಾಸಿತು ಅಂತ ನೋಡುತ್ತಾರೆ. ಬೆಂಚ್‌ಮಾರ್ಕ್ ಮಾಡುವುದೂ ಹೀಗೇ. ಹಾಗಾದರೆ ಮಾದರಿ ಕಡತವೇ ‘ಒರೆಗಲ್ಲು’, ಮಾಡುವ ಕೆಲಸ ‘ಒರೆಗೆ ಹಚ್ಚುವುದು’. ಈ ನುಡಿ ಇನ್ನೂ ಜನರ ಬಾಯಲ್ಲಿದೆ, ಹೊಸದಾಗಿ ಕಲಿಸಬೇಕಿಲ್ಲ.

ಒಂದು ಅನುಮಾನ ಉಳಿಯುತ್ತದೆ. ಒರೆ ಹೇಳುವುದು ಶುದ್ಧವೋ ಅಲ್ಲವೋ ಅಂತ, ವೇಗವನ್ನಲ್ಲ. ‘ಓಟದ ಒರೆ’ ಅಂದರೆ ನಡೆಯುತ್ತದೆಯೇ? ‘ವೇಗ’ವನ್ನು ಪ್ರೊಸೆಸರಿಗೇ ಬಿಟ್ಟು, ಸಾಫ್ಟ್‌ವೇರಿಗೆ ‘ಚುರುಕು’ ಅನ್ನುವುದು ನನಗೆ ಇಷ್ಟ. ವೇಗದ ಯಂತ್ರದಲ್ಲೂ ಮಂದವಾಗಿ ನಡೆಯುವ ಸಾಫ್ಟ್‌ವೇರ್ ಇರುತ್ತದಲ್ಲ.

ಕಲ್ಲಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಹೊತ್ತಿಗೆಯಿಂದ ಬರೆದುಕೊಂಡ ನಮ್ಮ ಮನೆತನದಲ್ಲಿ ಸೋದರಮಾವನನ್ನೇ ಮದುವೆಯಾದವರು ಬಹಳ. ಒಬ್ಬರೇ ಹಿರಿಯರು ತಾಯಿಯ ಕಡೆಯಿಂದಲೂ ಸಿಗುತ್ತಾರೆ, ತಂದೆಯ ಕಡೆಯಿಂದಲೂ ಸಿಗುತ್ತಾರೆ. ‘ಇವರಿಗೆ ಅವರು ಏನಾಗಬೇಕು’ ಅಂತ ಕೇಳಿದರೆ ಸಾಫ್ಟ್‌ವೇರಿಗೆ ತಡಕಾಡುವ ಕೆಲಸ ಜಾಸ್ತಿ. ನಮಗೆ ನಮ್ಮದೇ ಒಂದು ಒರೆಗಲ್ಲು ಬೇಕು ಅಂತ ನನಗೆ ಬಲವಾಗಿ ಅನ್ನಿಸಿದ್ದು ಇಲ್ಲೇ.

ಇನ್ನೊಂದು ಜೋಡಿ ಪದ. ಯಂತ್ರ ಹಚ್ಚಿದ ಕೂಡಲೇ ಕಡತ ತೆರೆದರೆ ತುಂಬಾ ಹೊತ್ತು. ಮುಚ್ಚಿ ಮತ್ತೆ ತೆರೆದರೆ ಬೇಗ ಬರುತ್ತದೆ. ಓದಿದ ಭಾಗ ರ‍್ಯಾಮಿನಲ್ಲಿ ಇನ್ನೂ ಉಳಿದಿರುವುದೇ ಕಾರಣ. ಎರಡನ್ನೂ ಬೇರೆಬೇರೆಯಾಗಿ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ. ಚಿಕ್ಕಮ್ಮ ದೋಸೆ ಹುಯ್ಯುವಾಗ ‘ಹೆಂಚು ಇನ್ನೂ ಕಾದಿಲ್ಲ, ತಡಿ’ ಅಂದರು. ಅಲ್ಲಿಂದ ‘ಕಾಯದ ಓಟ’, ‘ಕಾದ ಓಟ’ ಅಂತ ಬರೆದುಕೊಂಡೆ. ಓದಿದವರಿಗೆ ತಕ್ಷಣ ತಿಳಿಯುತ್ತದೆಯೇ, ಅಥವಾ ವಿವರಿಸಬೇಕೇ?

ಕೊನೆಗೆ ಸಿಗುವ ಅಂಕಿಗೆ ಮಾತ್ರ ನನ್ನ ಬಳಿ ಪದವಿಲ್ಲ. ಒರೆಗಲ್ಲಿನ ಮೇಲೆ ಉಳಿಯುವ ಆ ಗೆರೆಗೆ ಅಕ್ಕಸಾಲಿಗರ ಮನೆಗಳಲ್ಲಿ ಏನಾದರೂ ಹೆಸರು ಇದೆಯೇ? ಗೊತ್ತಿದ್ದವರು ದಯವಿಟ್ಟು ತಿಳಿಸಿ, ಯಾವ ಕಡೆಯ ಮಾತು ಅನ್ನುವುದನ್ನೂ ಸೇರಿಸಿ.