ಹೈಬ್ರಿಡ್ ಕಾರು: ಚಿಕ್ಕ ಓಡಾಟದಲ್ಲಿ ಮೈಲೇಜ್ ಕುಸಿಯುವುದೇಕೆ?

ಪ್ರಶ್ನೆ: ದೂರದ ಪ್ರಯಾಣದಲ್ಲಿ ನನ್ನ ಹೈಬ್ರಿಡ್ ಒಳ್ಳೆಯ ಮೈಲೇಜ್ ಕೊಡುತ್ತದೆ. ಹತ್ತಿರದ ಕೆಲಸಗಳಿಗೆ ಹೋದಾಗ ಮಾತ್ರ ಪೆಟ್ರೋಲ್ ಕುಡಿಯುತ್ತದೆ. ಬ್ಯಾಟರಿ ತುಂಬಿದ್ದರೂ ಎಂಜಿನ್ ಏಕೆ ಓಡುತ್ತದೆ?

ಉತ್ತರ: ತಣ್ಣಗಿರುವ ಎಂಜಿನ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ತಗ್ಗಿಸುವ ಭಾಗ) ಬಿಸಿಯಾಗಬೇಕು, ಅದಕ್ಕೆ. ಚಿಲ್ಲರೆ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ.

ಇನ್ನೊಂದು ಉತ್ತರ: ಬ್ರೇಕಿನ ವಿಷಯದಲ್ಲಿ ನಾನು ಹಟಮಾರಿ. ಹೈಬ್ರಿಡ್‌ನಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಕೆಂಪು ದೀಪ ದೂರದಲ್ಲಿ ಕಂಡೊಡನೆ ಪೆಡಲನ್ನು ಹಗುರವಾಗಿ ಒತ್ತಲು ಶುರುಮಾಡಿ. ಡ್ಯಾಶ್‌ಬೋರ್ಡಿನ ಚಾರ್ಜ್ ಮುಳ್ಳು ಕೊನೆ ಮುಟ್ಟದಿರಲಿ. ಗಕ್ಕನೆ ಒತ್ತಿದರೆ ಬ್ಯಾಟರಿಗೆ ಮರಳಬೇಕಾದ ಶಕ್ತಿಯ ಬಹುಪಾಲು ಬ್ರೇಕ್ ಡಿಸ್ಕ್‌ಗಳಲ್ಲಿ ಬರಿಯ ಶಾಖವಾಗಿ ಹೋಗುತ್ತದೆ. ದಯವಿಟ್ಟು ನ್ಯೂಟ್ರಲ್‌ನಲ್ಲಿ ಉರುಳಿಸಬೇಡಿ, ಆಗ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಪ್ರಶ್ನೆ ಕೇಳಿದವರು: ಟೈರಿನ ಗಾಳಿ ಎಷ್ಟಿರಬೇಕು?

ಉತ್ತರ: ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ನೋಡಿ. ಟೈರ್ ತಣ್ಣಗಿರುವಾಗಲೇ ಅಳೆಯಿರಿ.